ಫೀಸು ಕಟ್ಟಿದವರು: ಮಿಸ್ಟರ್ ಅಂತೋನಿ

19 ಜನವರಿ 2025, ಭಾನುವಾರ. ಮಧ್ಯಾಹ್ನ 1.40

ಕೌಂಟರ್ ಮುಚ್ಚಿದೆ. ಇಪ್ಪತ್ತಮೂರು ರಸೀದಿ. ಒಬ್ಬರು ಬಂದು ಅರ್ಧ ಗಂಟೆ ಜಗಳ... ಬಸ್ ಫೀಸು ಯಾಕೆ ಏರಿತು ಎಂದು. ನನ್ನನ್ನು ಕೇಳಿದರೆ? ನಾನು ಫೀಸು ತೆಗೆದುಕೊಳ್ಳುವವಳು, ಏರಿಸುವವಳಲ್ಲ.

ಸ್ಟಾಫ್ ಮೀಟಿಂಗ್ ಆಯಿತು. ಈ ತಿಂಗಳು ರೇಟಿಂಗ್ ಹೊಸದಾಗಿ ಮಾಡುತ್ತಾರಂತೆ. ನಮ್ಮ ಮ್ಯಾನೇಜ್‌ಮೆಂಟಿನ ಐದು ಶಾಲೆಗಳಿಗೂ ಹಣದ ಲೆಕ್ಕ ಎಷ್ಟು ನೇರ ಇದೆ ಎಂದು ನೋಡಿ ಗ್ರೇಡ್ ಕೊಡುವುದು. ಮಕ್ಕಳಿಗೆ ಮಾರ್ಕು ಕೊಟ್ಟ ಹಾಗೆ. ಜಿಂಜ್‌ನ ನಮ್ಮ ಶಾಲೆ ಮೂರು ವರ್ಷದಿಂದ ಬಿ. ಸಿ ಆದರೆ ಫೀಸಿನಲ್ಲಿ ರಿಯಾಯಿತಿ ಕೊಡುವ ಅಧಿಕಾರ ಪ್ರಿನ್ಸಿಪಾಲರ ಕೈ ತಪ್ಪುತ್ತದೆ. ಹದಿನಾರು ಮಕ್ಕಳು ಆ ರಿಯಾಯಿತಿಯಲ್ಲಿ ಓದುತ್ತಿದ್ದಾರೆ. ಪ್ರಿನ್ಸಿಪಾಲ್ ಬ್ರಿಜಿಟ್ ಮೇಡಂ ಇದನ್ನು ಹೇಳುವಾಗ ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆ ವಿಷಯ ದೊಡ್ಡದು.

ದೇವರು ಕಾಪಾಡಲಿ. ಬಿಪಿ ಮಾತ್ರೆ ಮುಗಿಯುತ್ತ ಬಂತು.

21 ಜನವರಿ, ಮಂಗಳವಾರ. ಸಂಜೆ 6.30

ಇಗರ್ಜಿಯಲ್ಲಿ ಸಂತ ಅಂತೋನಿಯ ಮಂಗಳವಾರದ ನವೆನಾ ಪ್ರಾರ್ಥನೆ ಮುಗಿಸಿ ಬಂದೆ. ಹಾಲಿನ ಪುಡಿಯ ಡಬ್ಬದಲ್ಲಿ ಇವತ್ತು ಮೂವತ್ತನಾಲ್ಕು ದಿನಾರ್. ಅದರಲ್ಲಿ ಐದು ನಮ್ಮ ಸ್ಕೂಲ್ ಬಸ್ಸಿನ ಡ್ರೈವರ್ ಹುಸೈನಬ್ಬರದ್ದು. ಬೆಳಿಗ್ಗೆ ಬಸ್ಸಿನ ಕಿಟಕಿಯಿಂದಲೇ ಕೊಟ್ಟರು.

"ಎಂತ ಹುಸೈನಬ್ಬಾಕ, ನೀವೂ ಹರಕೆ ಹೇಳಿದ್ದಾ?"

"ಮಗಳಿಗೆ ಬೆಂಗ್ರೆಯಲ್ಲಿ ಗಂಡು ಸಿಕ್ಕಿತು ಬಾಯಮ್ಮ. ನಿಮ್ಮ ಅಂತೋನಿಯವರಿಗೆ ಸುದ್ದಿ ಮುಟ್ಟಿಸಿ."

ಊರಲ್ಲಿ ಅದು ಸಂತ ಅಂತೋನಿಯ ರೊಟ್ಟಿ. ಕೇಳಿಕೊಂಡದ್ದು ಕೈಗೂಡಿದರೆ ಬಡವರ ರೊಟ್ಟಿಗೆ ಹಣ ಹಾಕುವುದು. ಕೊಟ್ಟವರ ಹೆಸರು ಯಾರೂ ಕೇಳುವುದಿಲ್ಲ. ಇಲ್ಲಿ ಗಲ್ಫಿನಲ್ಲಿ ರೊಟ್ಟಿಗೆ ಕೊರತೆ ಇಲ್ಲ. ಕೊರತೆ ಇರುವುದು ಫೀಸಿಗೆ. ಅದಕ್ಕೆ ನಾನೇ ಮೂರು ವರ್ಷದ ಹಿಂದೆ ಈ ಡಬ್ಬ ಶುರು ಮಾಡಿದೆ. ಯಾರದ್ದಾದರೂ ಮನೆಯಲ್ಲಿ ಸಂಬಳ ನಿಂತಿದೆ ಎಂದು ಗೊತ್ತಾದರೆ ಆ ಮಗುವಿನ ಒಂದು ತಿಂಗಳ ಫೀಸು, ರಿಯಾಯಿತಿ ಕಳೆದು ಮೂವತ್ತೆರಡು ದಿನಾರ್, ಅಂತೋನಿಯ ಲೆಕ್ಕದಲ್ಲಿ. ಮನೆಯವರಿಗೆ ‘ಆಫೀಸಿನಲ್ಲಿ ಸರಿ ಮಾಡಿದ್ದೇವೆ’ ಎಂದರೆ ಸಾಕು.

22 ಜನವರಿ, ಬುಧವಾರ. ಬೆಳಿಗ್ಗೆ 7.15

ಮಕ್ಕಳು ಬರುವ ಮೊದಲೇ ಒಂದು ರಸೀದಿ ಮಾಡಿದೆ. ಐದನೇ ಕ್ಲಾಸಿನ ಹುಡುಗಿಗೆ. ಅಪ್ಪನಿಗೆ ಟುಬ್ಲಿಯ ವರ್ಕ್‌ಶಾಪಿನಲ್ಲಿ ಮೂರು ತಿಂಗಳಿಂದ ಸಂಬಳ ಇಲ್ಲ.

ಕಂಪ್ಯೂಟರ್ ‘ಕಟ್ಟಿದವರ ಹೆಸರು’ ಕೇಳದೆ ಮುಂದೆ ಹೋಗುವುದಿಲ್ಲ. ಮಿಸ್ಟರ್ ಅಥವಾ ಮಿಸೆಸ್ ಎಂದೂ ಒತ್ತಬೇಕು. ಮಿಸ್ಟರ್ ಅಂತೋನಿ ಪಿ. ಎಂದು ಹೊಡೆಯುತ್ತೇನೆ. ಪಿ. ಎಂದರೆ ಪಾದುವ, ಅವನ ಊರು. ಕೌಂಟರಿನಲ್ಲಿ ನನ್ನದು ಹಣ ಎಣಿಸುವ ಕೆಲಸ ಮಾತ್ರ, ಲಾಗಿನ್ ಕೊಟ್ಟಿಲ್ಲ. ಅಕೌಂಟೆಂಟ್ ಅನಸೂಯಳದ್ದು ಯಾವಾಗಲೂ ತೆರೆದೇ ಇರುತ್ತದೆ.

ಸುಳ್ಳು ಎಂದು ಒಮ್ಮೆಯೂ ಅನಿಸಿಲ್ಲ. ಹಣ ಅವನದ್ದೇ ಅಲ್ಲವೇ?

27 ಜನವರಿ, ಸೋಮವಾರ. ಸಂಜೆ

ಅಕ್ಷರ ಓರೆ.

ರೇಟಿಂಗಿನವರು ಬಂದರು. ಅಝೀಝ್ ಅಂತ. ಈ ದೇಶದವರೇ. ಸಣ್ಣ ದನಿಯ ಮನುಷ್ಯ. ಚಹಾ ಬೇಡ ಎಂದರು. ಎರಡು ಗಂಟೆ ರಸೀದಿ ನೋಡಿದರು. ಆಮೇಲೆ ಅನಸೂಯಳ ಮೇಜಿನ ಹತ್ತಿರ ಕೂತು ಹಿಂದಿಯಲ್ಲಿ ಕೇಳಿದರು —

"ಸಿಸ್ಟರ್, ಯೇ ಮಿಸ್ಟರ್ ಅಂತೋನಿ ಕೌನ್ ಹೈ?"

ಹದಿನಾಲ್ಕು ಮಕ್ಕಳಿಗೆ ಒಬ್ಬನೇ ಮನುಷ್ಯ ಫೀಸು ಕಟ್ಟಿದ್ದಾನೆ. ನಲವತ್ತೊಂದು ರಸೀದಿ. ಸಾವಿರದ ಮುನ್ನೂರ ಹನ್ನೆರಡು ದಿನಾರ್. ಎಲ್ಲ ನಗದು. ಎಲ್ಲ ಬುಧವಾರ ಬೆಳಿಗ್ಗೆ. ಫೋನ್ ನಂಬರ್ ಇಲ್ಲ, ಸಿಪಿಆರ್ ಗುರುತಿನ ಕಾರ್ಡಿನ ನಂಬರ್ ಇಲ್ಲ. ಯಾರ ಹಣ ಇದು?

ಅನಸೂಯಳಿಗೆ ಎಂತ ಗೊತ್ತು? ಮುಖ ಸುಣ್ಣದ ಹಾಗೆ ಆಯಿತು. ಫೆಬ್ರವರಿ ಆರರ ಒಳಗೆ ಉತ್ತರ ಕೊಡಬೇಕಂತೆ.

ನಾನು ಎರಡು ಮಾರು ದೂರದಲ್ಲಿ ಕೂತಿದ್ದೆ. ಸ್ಟೇಪ್ಲರಿಗೆ ಪಿನ್ನು ಹಾಕುತ್ತಿದ್ದೆ. ತುಂಬಿದ್ದ ಸ್ಟೇಪ್ಲರಿಗೆ.

28 ಜನವರಿ, ಮಂಗಳವಾರ. ಬೆಳಿಗ್ಗೆ 5

ಗಂಡ ಎರಿಕ್‌ಗೆ ಹೇಳಿದೆ. ಗ್ಯಾರೇಜಿಗೆ ಹೊರಟಿದ್ದರು, ಬೂಟು ಒಂದೇ ಕಾಲಿಗೆ ಹಾಕಿ ಹಾಗೇ ಕೂತು ನಕ್ಕರು.

"ಎಲ್ಲರ ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋನಿಯನ್ನೇ ಈಗ ಆಫೀಸಿನವರು ಹುಡುಕ್ತಾ ಇದ್ದಾರಾ?"

"ನಗಬೇಡಿ. ಆರನೇ ತಾರೀಕಿನೊಳಗೆ ಉತ್ತರ ಬೇಕಂತೆ."

"ನನ್ನ ಹೆಸರು ಹೇಳು ಮಾರಾಯ್ತಿ. ಎರಿಕ್ ಕೊಟ್ಟ ಅಂತ."

"ನಿಮಗೆ ಸಿಗುವ ಸಂಬಳ ನೋಡಿದರೆ ಅವರೇ ನಮಗೆ ಫೀಸು ಕೊಟ್ಟಾರು."

ಆಮೇಲೆ ನಗು ನಿಲ್ಲಿಸಿದರು. ಅನುಮತಿ ಇಲ್ಲದೆ ಹಣ ಒಟ್ಟು ಮಾಡಿದ್ದು ಈ ದೇಶದಲ್ಲಿ ತಪ್ಪು, ಗೊತ್ತುಂಟಾ ಎಂದರು. ಗೊತ್ತಿರಲಿಲ್ಲ. ಈಗ ಗೊತ್ತಾಯಿತು.

29 ಜನವರಿ, ಬುಧವಾರ. ಟಿಫಿನ್ ಬೆಲ್ ಆದ ಮೇಲೆ

ಅನಸೂಯ ಸ್ಟೋರ್ ರೂಮಿನಲ್ಲಿ ಹಳೇ ರಸೀದಿಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದಳು. ಕಣ್ಣು ಊದಿತ್ತು.

"ನಲವತ್ತೊಂದರ ಕೆಳಗೂ ನನ್ ಹೆಸ್ರು ಆಂಟಿ! ನನ್ ಲಾಗಿನ್ನು! ಯಾರ್ದೋ ಬ್ಲ್ಯಾಕ್ ಮನಿ ತಂದು ಬಿಳಿ ಮಾಡ್ತಿದೀನಿ ಅಂದ್ಕೊಂಡಿದಾರೆ. ಮಾರ್ಚಲ್ಲಿ ನನ್ ಕಾಂಟ್ರ್ಯಾಕ್ಟ್ ರಿನ್ಯೂ ಆಗ್ಬೇಕು. ಈ ಅಂತೋನಿ... ನಿಮ್ಮ ಕಡೆಯವ್ರಾ?"

"ನಮ್ಮ ಕಡೆಯವರೇ."

"ಅಯ್ಯೋ ಮೊದ್ಲೇ ಹೇಳ್ಬಾರ್ದಾ? ಕರ್ಸಿ. ಸಿಪಿಆರ್ ಕಾಪಿ ಒಂದು ಕೊಟ್ಟು ಹೋಗ್ಲಿ."

"ಬರುವುದಿಲ್ಲ."

"ಯಾಕೆ, ಊರಿಗೆ ಹೋದ್ರಾ?"

"ತೀರಿಕೊಂಡು ಎಂಟುನೂರು ವರ್ಷದ ಹತ್ತಿರ ಆಯಿತು."

ಕೈಯಲ್ಲಿದ್ದ ರಸೀದಿ ಕೆಳಗಿಟ್ಟಳು. ಎಲ್ಲ ಹೇಳಿದೆ. ಡಬ್ಬ, ಮಂಗಳವಾರ, ಪಿ. ಎಂದರೆ ಏನು ಎಂದು. ಮೊದಲು ನಕ್ಕಳು. ಜೋರಾಗಿ. ಹಾಗೆ ನಗುತ್ತಲೇ ಅಳು ಬಂತು.

"ಸಾಫ್ಟ್‌ವೇರಲ್ಲಿ ದೇವ್ರಿಗೆ ಮಿಸ್ಟರ್ ಹಾಕಿದೀರಲ್ಲ ಆಂಟಿ... ನಾನೀಗ ಏನ್ ಬರೀಲಿ?"

ದೇವರಲ್ಲ, ಸಂತ ಎಂದು ತಿದ್ದಬೇಕೆನಿಸಿತು. ನೆಲದ ರಸೀದಿ ಒಟ್ಟು ಮಾಡಲು ಕೂತೆ.

30 ಜನವರಿ, ಗುರುವಾರ

ಅನಸೂಯಳಿಂದ ವಿಷಯ ತಿಳಿದು ಬ್ರಿಜಿಟ್ ಮೇಡಂ ನನ್ನನ್ನು ಕರೆದು ಬಾಗಿಲು ಹಾಕಿಸಿದರು.

"ಕ್ಲೊಟಿಲ್ಡಾ ಬಾಯಿ, ಕುವೈಟಿನಲ್ಲಿ ನಿಮ್ಮ ತಮ್ಮ ಇದ್ದಾರಲ್ಲ, ಆಲ್‌ಸ್ಟನ್? ಹಣ ಅವರು ಕಳಿಸಿದ್ದು ಅಂತ ಒಂದು ಪತ್ರ ತರಿಸಿ. ಮನೆಯಲ್ಲಿ ಅಂತೋನಿ ಅಂತ ಕರೀತೇವೆ ಅಂತ ಬರೆಯಲಿ. ಇಲ್ಲದಿದ್ದರೆ ನಾವು ಸಿ. ಹದಿನಾರು ಮಕ್ಕಳನ್ನು ನೆನೆಸಿಕೊಳ್ಳಿ."

ಆ ಹದಿನಾರನ್ನು ನಾನು ಹೆಸರು ಹಿಡಿದು ನೆನೆಸಬಲ್ಲೆ. ಅದೇ ಕಷ್ಟ.

4 ಫೆಬ್ರವರಿ, ಮಂಗಳವಾರ. ಸಂಜೆ 7

ನಾಲ್ಕು ದಿನ ಬರೆಯಲಿಲ್ಲ. ಬರೆದರೆ ನಿಜ ಆಗುತ್ತದೆ ಎಂಬ ಹೆದರಿಕೆ.

ಆಲ್‌ಸ್ಟನ್‌ಗೆ ಫೋನ್ ಮಾಡಿದ್ದೆ. ಪಾಪ, ಒಂದು ಮಾತು ಕೇಳಲಿಲ್ಲ. "ಅಕ್ಕ ಎಂತ ಹೇಳಿದರೂ ಬರೆಯುತ್ತೇನೆ" ಎಂದು ನಿನ್ನೆಯೇ ಕಳಿಸಿದ. ಮೊಬೈಲಿನಲ್ಲಿ ಕೂತಿದೆ ಪತ್ರ. ಚಂದದ ಸಹಿ.

ಇವತ್ತು ಇಗರ್ಜಿಗೆ ಹೋದೆ. ಅಂತೋನಿಯ ಮುಖ ನೋಡಲಾಗಲಿಲ್ಲ. ಕಾಲು ಮಾತ್ರ ನೋಡಿ ಬಂದೆ. ಸುಳ್ಳು ನನ್ನ ತಲೆಯ ಮೇಲೆ ಮಾತ್ರ ಬರುವುದಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ, ದೇವರು ಕ್ಷಮಿಸಲಿ, ಮಕ್ಕಳಿಗಾಗಿ. ಆದರೆ ಪತ್ರದ ಕೆಳಗೆ ‘ಪರಿಶೀಲಿಸಿದ್ದೇನೆ’ ಎಂದು ಅನಸೂಯ ಸಹಿ ಹಾಕಬೇಕಂತೆ. ಮತ್ತೆ ಅವಳ ಹೆಸರೇ. ಆಲ್‌ಸ್ಟನ್‌ನ ಬ್ಯಾಂಕಿನ ಕಾಗದ ಕೇಳಿದರೆ? ಒಂದು ದಿನಾರ್ ಬಂದ ಗುರುತಿಲ್ಲ. ಆಗ ಅವಳು ತಿಳಿದೂ ಸುಳ್ಳು ಹೇಳಿದವಳು.

ಅನ್ನ ಸೀದುಹೋಯಿತು. ಎರಿಕ್ ಅದನ್ನೇ ತಿಂದರು.

5 ಫೆಬ್ರವರಿ, ಬುಧವಾರ. ಮಧ್ಯಾಹ್ನ 2

ಪತ್ರ ಅಳಿಸಿದೆ. ಡಬ್ಬ, ಅದರ ಲೆಕ್ಕ ಬರೆದಿಟ್ಟ ನೋಟ್ ಪುಸ್ತಕ ಎರಡನ್ನೂ ಲುಲು ಅಂಗಡಿಯ ಚೀಲದಲ್ಲಿ ಹಾಕಿಕೊಂಡು ಉತ್ತರಕ್ಕೆಂದು ಶಾಲೆಗೆ ಬಂದಿದ್ದ ಅಝೀಝ್ ಅವರ ಮುಂದೆ ಇಟ್ಟೆ. ನನ್ನ ಹಿಂದಿ ಅಷ್ಟಕ್ಕಷ್ಟೆ. ಆದರೂ ಹೇಳಿದೆ. ಅನಸೂಯಳಿಗೆ ಗೊತ್ತಿರಲಿಲ್ಲ, ಒತ್ತಿದ್ದು ನನ್ನ ಬೆರಳು. ಮಿಸ್ಟರ್ ಅಂತೋನಿ ಎಂದರೆ ನಮ್ಮ ಸಂತ.

ನೋಟ್ ಪುಸ್ತಕ ತಿರುವಿದರು. ಮಕ್ಕಳ ಹೆಸರು, ತಿಂಗಳು, ರಸೀದಿ ನಂಬರ್. ಒಂದೂ ತಪ್ಪಿಲ್ಲ. ಕೊಟ್ಟವರ ಕಾಲಂ ಇಲ್ಲ.

"ಕೊಟ್ಟವರು ಯಾರು?"

ಗೊತ್ತಿಲ್ಲ ಎಂದರೆ ಸುಳ್ಳು. "ಹೇಳುವುದಿಲ್ಲ" ಎಂದೆ.

ಕಿಟಕಿಯ ಹೊರಗೆ ಹುಸೈನಬ್ಬ ಬಸ್ಸಿನ ಗಾಜು ಒರೆಸುತ್ತಿದ್ದರು. ಆ ಕಡೆ ನೋಡದಿರಲು ಕುತ್ತಿಗೆ ಬಿಗಿ ಹಿಡಿದೆ.

"ಸದಕಾ," ಎಂದರು ಅಝೀಝ್, ತಮ್ಮಷ್ಟಕ್ಕೇ. "ನಮ್ಮಲ್ಲೂ ಹೀಗೇ ಹೆಸರು ಹೇಳದೆ ದಾನ ಕೊಡುತ್ತಾರೆ ಸಿಸ್ಟರ್. ಆದರೆ ನನ್ನ ಫಾರಂನಲ್ಲಿ ಅದಕ್ಕೆ ಜಾಗ ಇಲ್ಲ."

ಕಾಗದ ಕೊಟ್ಟರು. ಇನ್ನು ಮುಂದೆ ಶಾಲೆಯಲ್ಲಿ ಯಾರಿಂದಲೂ ಯಾರ ಹೆಸರಿನಲ್ಲೂ ನಗದು ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೆ ಕೆಲಸವೂ ವೀಸಾವೂ ಇಲ್ಲ. ಓದಿಸಿ ಕೇಳಿದೆ. ಸಹಿ ಹಾಕಿದೆ. ಕನ್ನಡದಲ್ಲಿ. ಶಾಲೆಯಲ್ಲಿ ಕಲಿತ ಹಾಗೆ ಪೂರ್ತಿ ಹೆಸರು.

16 ಫೆಬ್ರವರಿ, ಭಾನುವಾರ

ಬಂತು. ಸಿ.

ಬಿ ಆಗಲು ಎಪ್ಪತ್ತು ಮಾರ್ಕು ಬೇಕು. ಅರವತ್ತಾರು ಬಂದಿದೆ. ಯಾರದ್ದೋ ಲಾಗಿನ್ನಿನಲ್ಲಿ ರಸೀದಿ, ಮೂಲ ತಿಳಿಯದ ನಗದು... ಹನ್ನೆರಡು ಹೋಯಿತು. ಅನಸೂಯಳಿಗೆ ಎಚ್ಚರಿಕೆಯ ಪತ್ರ ಮಾತ್ರ. ಕಾಂಟ್ರ್ಯಾಕ್ಟ್ ಉಳಿಯಿತು. ನನ್ನನ್ನು ಕೌಂಟರಿನಿಂದ ತೆಗೆದು ಲೈಬ್ರರಿಗೆ ಹಾಕಿದರು. ಮನೆಗೆ ಕಳಿಸಲಿಲ್ಲ, ಅಷ್ಟು ದಯೆ.

ಬ್ರಿಜಿಟ್ ಮೇಡಂ ಕಾರಿಡಾರಿನಲ್ಲಿ ಎದುರಾದರು. "ನಿಮ್ಮ ಮನಸ್ಸಾಕ್ಷಿ ಈಗ ಹಗುರ ಇರಬಹುದು ಬಾಯಿ. ಏಪ್ರಿಲಿನಿಂದ ಪೂರ್ತಿ ಫೀಸು ಅಂತ ಹದಿನಾರು ಮನೆಗೆ ಫೋನ್ ಮಾಡಬೇಕಾದವಳು ನಾನು."

ಹಗುರ ಇಲ್ಲ ಎಂದು ಹೇಳಬೇಕಿತ್ತು.

19 ಫೆಬ್ರವರಿ, ಬುಧವಾರ

ಪುಸ್ತಕಗಳಿಗೆ ಬೈಂಡು ಹಾಕಿದೆ. ಅರವತ್ತು. ಲೈಬ್ರರಿಯಲ್ಲಿ ಕಳೆದುಹೋದ ವಸ್ತುಗಳ ರಿಜಿಸ್ಟರೂ ನನ್ನದೇ ಈಗ. ನೀರಿನ ಬಾಟಲಿ ಒಂಬತ್ತು, ಒಂಟಿ ಸಾಕ್ಸ್ ಮೂರು, ಒಂದು ಹಲ್ಲಿನ ಕ್ಲಿಪ್ಪು.

ಟುಬ್ಲಿಯ ವರ್ಕ್‌ಶಾಪಿನವರ ಹುಡುಗಿ ಬಂದಿದ್ದಳು. ಅವಳಿಗೂ ರಿಯಾಯಿತಿ ಇತ್ತು. "ಆಂಟಿ, ಏಪ್ರಿಲ್‌ನಿಂದ ನಾನು ಬರಲ್ವಂತೆ. ಈ ಬುಕ್ ಈಗ್ಲೇ ರಿಟರ್ನ್ ಮಾಡ್ಬೇಕಾ?"

ಇಟ್ಟುಕೋ ಎಂದೆ. ಮಾರ್ಚ್‌ವರೆಗೆ ಸಮಯ ಉಂಟು.

26 ಫೆಬ್ರವರಿ, ಬುಧವಾರ. ಬೆಳಿಗ್ಗೆ 7.20

ಬಾಗಿಲು ತೆರೆದಾಗ ಮೇಜಿನ ಮೇಲೆ ಒಂದು ಅಟ್ಲಾಸ್. ನಿನ್ನೆ ಸಂಜೆ ಅಲ್ಲಿರಲಿಲ್ಲ. ಎತ್ತಿದರೆ ಒಳಗಿನಿಂದ ಲಕೋಟೆ ಬಿತ್ತು. ಅಂಟಿಸಿಲ್ಲ. ಎಣಿಸಲಿಲ್ಲ, ಆದರೆ ದಪ್ಪ ಉಂಟು. ಒಬ್ಬರದ್ದಲ್ಲ, ಹಳೆಯ ನೋಟು, ಹೊಸ ನೋಟು, ಮಡಚಿದ ಅರ್ಧ ದಿನಾರುಗಳು.

ಹೊರಗೆ ಹುಸೈನಬ್ಬ ಗೇಟಿನ ಹತ್ತಿರ. ಓಡಿದೆ. "ಇದು ನೀವಾ ಇಟ್ಟದ್ದು?"

"ಯಾವುದು ಬಾಯಮ್ಮ?" ಆಕಾಶ ನೋಡಿದರು. "ಯಾರೋ ಕಳೆದುಕೊಂಡಿರಬೇಕು."

ಅನಸೂಯಳನ್ನು ಕೇಳಿದೆ. ಅವಳು ಸ್ಕ್ರೀನಿನಿಂದ ಕಣ್ಣು ಎತ್ತಲಿಲ್ಲ. "ನಂಗೊತ್ತಿಲ್ಲ ಆಂಟಿ. ಕಳ್ದಿರೋದು ಸಿಕ್ಕಿದ್ರೆ ರಿಜಿಸ್ಟರಲ್ಲಿ ಬರೀಬೇಕು. ಅದು ರೂಲು."

ತೆಗೆದುಕೊಳ್ಳಬಾರದು. ಸಹಿ ಹಾಕಿದ್ದೇನೆ. ಪೂರ್ತಿ ಹೆಸರು. ಆಫೀಸಿಗೆ ಕೊಟ್ಟರೆ ಮತ್ತೆ ಮೂಲ ಕೇಳುತ್ತಾರೆ. ಬಿಸಾಡಲೇ?

ಬೆಲ್ಲಿಗೆ ಹತ್ತು ನಿಮಿಷ. ರಿಜಿಸ್ಟರ್ ತೆರೆದೆ. ತಾರೀಕು ಬರೆದೆ. ಸಿಕ್ಕಿದ ಜಾಗ: ಲೈಬ್ರರಿ. ಸಿಕ್ಕಿದ ವಸ್ತು: ಲಕೋಟೆ, ಒಂದು.

ಮುಂದಿನ ಕಾಲಂ, ಯಾರದ್ದು —