ಆಟೀನು ರಾಜ, ಕಳಾವರ ಒಂಬತ್ತು

ಭಾನುವಾರ, ಹತ್ತೊಂಬತ್ತು.

ಅಕ್ಷರ ಇನ್ನೂ ಸೊಟ್ಟಗಾಗುತ್ತಿದೆ.

ಮಧ್ಯಾಹ್ನ ಟೈಲರ್ ಅಂಗಡಿಯಲ್ಲಿ ಚಿಲ್ಲರೆ ಕಾಸಿನ ಪೋಕರ್. ನನಗೆ ಬಿದ್ದ ಎರಡೆಲೆ ಆಟೀನು ರಾಜ, ಕಳಾವರ ಒಂಬತ್ತು. ಮೊದಲ ಸರದಿಯೂ ನನ್ನದೇ, ಉಳಿದವರ ಆಟ ನೋಡದೆ ತೀರ್ಮಾನಿಸಬೇಕು. ಇಂಥ ಅರೆಬರೆ ಎಲೆಗಳನ್ನು ಒಗೆದುಬಿಡಬೇಕೆಂದು ನಾನೇ ಬರೆದಿಟ್ಟ ಚೀಟಿ ಜೇಬಿನಲ್ಲಿತ್ತು. ‘ಇರಲಿ, ನೋಡೋಣ’ ಎಂದು ಆಡಿದೆ. ಗೆದ್ದೆ.

ಸಂಜೆ ಭಾವನ ಜೊತೆ ವೈರಿಂಗ್ ರಿಪೇರಿಗೆ ಹೋದೆ. ಮೇನ್ ಆಫ್ ಆಗಿರುತ್ತದೆ ಎಂದುಕೊಂಡು, ಟೆಸ್ಟರ್ ಇಡದೆ ವೈರ್ ಕಡೆಗೆ ಕೈ ಚಾಚಿದೆ. ಭಾವ ರಟ್ಟೆ ಹಿಡಿದು ಎಳೆದರು. ಅವರು ಟೆಸ್ಟರ್ ಇಟ್ಟರೆ ಅದರ ದೀಪ ಹೊತ್ತಿಕೊಂಡಿತು, ಕರೆಂಟಿತ್ತು.

“ಇಪ್ಪತ್ತು ವರ್ಷದಿಂದ ಮಾಡ್ತಿದ್ದೀಯ. ಇವತ್ತೇನಾಯ್ತೋ ನಿಂಗೆ?”

ನಾನು ಹೋಗಿ ಮೇನ್ ಆಫ್ ಮಾಡಿ ಬಂದೆ. ಕೈ ಚಾಚುವಾಗ ಮನಸ್ಸು ಅಂದದ್ದೂ ಅದೇ, ಇರಲಿ, ನೋಡೋಣ. ಮಧ್ಯಾಹ್ನ ಸೋತಿದ್ದರೆ ಎಷ್ಟು ಚೆನ್ನಾಗಿತ್ತು.

ಮಲಗಬೇಕು. ಲೈಟು ಆರಿಸಲು ಸ್ವಿಚ್ಚು ಮುಟ್ಟುವ ಧೈರ್ಯ ಬರುತ್ತಿಲ್ಲ.