ಹೊಸ ಪಾಸ್‌ವರ್ಡ್

ಮಾರ್ಚ್ 9, ಸೋಮವಾರ.

ಬ್ಯಾಂಕಿನವರು ಹೇಳಿದ ರಕ್ಷಣೆಯ ಸಾಫ್ಟ್‌ವೇರನ್ನು ಇವತ್ತು ಮನೆಯ ಕಂಪ್ಯೂಟರಿಗೆ ಹಾಕಿದೆ. ನಾನು ಒತ್ತುವ ಒಂದೊಂದು ಅಕ್ಷರವನ್ನೂ ಯಾರೋ ಕದ್ದು ಬರೆದುಕೊಳ್ಳುತ್ತಿದ್ದಾರೆ ಎಂದು ಅದು ತೋರಿಸಿತು. ಈ ಕಂಪ್ಯೂಟರ್ ಮುಟ್ಟುವವರು ನಾನು, ನನ್ನ ತಮ್ಮ, ಇಬ್ಬರೇ. ಮಗಳ ನರ್ಸಿಂಗ್ ಓದಿಗೆಂದು ಹೊಲಿಗೆಯಲ್ಲಿ ಕೂಡಿಟ್ಟದ್ದೆಲ್ಲ ಇದರಲ್ಲೇ ತೆರೆದು ನೋಡುವ ನನ್ನ ಬ್ಯಾಂಕ್ ಖಾತೆಯಲ್ಲಿದೆ. ಅಕ್ಷರ ಕದಿಯುವ ಆ ಕಳ್ಳ ಪ್ರೋಗ್ರಾಮನ್ನು ಅಳಿಸುವ ಮೊದಲೇ, ಗಾಬರಿಯಲ್ಲಿ, ಅದೇ ಕಂಪ್ಯೂಟರಿನಲ್ಲಿ ಖಾತೆಯ ಪಾಸ್‌ವರ್ಡ್ ಬದಲಾಯಿಸಿಬಿಟ್ಟೆ. ಕಳ್ಳನ ಕೈಗೇ ಹೊಸ ಬೀಗದಕೈ ಕೊಟ್ಟೆನಲ್ಲ ಎಂದು ಹೊಳೆದದ್ದು ಊಟಕ್ಕೆ ಕೂತಾಗ.

"ಯಾಕಕ್ಕಾ, ತುತ್ತು ಇಳೀತಿಲ್ವಾ? ದೆವ್ವ ಬಡಿದೋರ ಥರ ಇದೀಯ!" ಎಂದು ತಮ್ಮ ನಕ್ಕ.

"ತಲೆನೋವು ಕಣೋ" ಎಂದೆ.

ನನ್ನ ಸೊಂಟದ ಮೇಲೆ ಬೆಳೆದ ಕೂಸು. ದೇವರೇ, ಅವನಾಗಿರದಿರಲಿ. ಬೆಳಗ್ಗೆ ಬ್ಯಾಂಕು ಬಾಗಿಲು ತೆಗೆಯುತ್ತಲೇ ಖಾತೆ ತಡೆಹಿಡಿಸಬೇಕು. ಯಾರ ಮೇಲೆ ಅನುಮಾನ ಎಂದು ಅವರು ಕೇಳಿದರೆ ನಾನು ಯಾವ ಬಾಯಲ್ಲಿ ಅವನ ಹೆಸರು ಹೇಳಲಿ?