ಹಾರ್ಡ್, ಹಾರ್ಡ್ಲಿ ಮತ್ತು ಅಕ್ಕನ ಮೇಜು

ಪ್ರೀತಿಯ ಅಕ್ಕಾ,

ಒಂದೇ ಮನೆಯಲ್ಲಿದ್ದುಕೊಂಡು ಪತ್ರ ಬರೆಯುತ್ತಿದ್ದಾಳಲ್ಲ ಎಂದು ನಗಬೇಡ. ಎದುರಿಗೆ ಕೂತು ಹೇಳಹೊರಟರೆ ನೀನು ಗೋಡೆಯ ಕಡೆ ಮುಖ ತಿರುಗಿಸುತ್ತೀ. ಪಾರ್ಶ್ವವಾಯು ನಿನ್ನ ಮಾತನ್ನೂ ಬಲಗೈಯನ್ನೂ ಕಿತ್ತುಕೊಂಡಿತು, ಓದುವ ಕಣ್ಣನ್ನು ಬಿಟ್ಟಿದೆ. ಅದಕ್ಕೇ ಈ ಪತ್ರ.

ಸಂಜೆಯ ಇಂಗ್ಲಿಷ್ ತರಗತಿ ಮುಚ್ಚಿಬಿಡು ಎಂದು ನೀನು ಕೈಸನ್ನೆ ಮಾಡಿದ್ದು ನನಗೆ ಅರ್ಥವಾಗಿತ್ತು. ಅರ್ಥವಾಗಿಯೂ ನಿನ್ನ ಜಾಗದಲ್ಲಿ ನಿಂತು ನಡೆಸುತ್ತಾ ಬಂದೆ. ಹಗಲೆಲ್ಲ ದುಡಿದು ಕಲಿಯಲು ಬರುವವರನ್ನು ವಾಪಸು ಕಳಿಸುವುದು ಹೇಗೆ?

ಆದರೆ ನಿನ್ನ ಹಾಗೆ ಪಾಠ ಮಾಡಲು ನನಗೆ ಬರುವುದಿಲ್ಲ. ಒಂದೇ ತಾಯಿಯ ಮಕ್ಕಳಂತೆ ಕಾಣುವ ಆ ಜೋಡಿ ಪದಗಳನ್ನು ನೀನು ಬರೆಸುವ ಮೊದಲು ನಾಟಕದಂತೆ ಆಡಿಸುತ್ತಿದ್ದೆ. ನಿಯರ್ ಎಂದರೆ ಬಾಗಿಲ ಹತ್ತಿರ ನಿಲ್ಲಬೇಕು. ನಿಯರ್ಲಿ ಎಂದರೆ ಹೊಸ್ತಿಲು ದಾಟಲು ಎತ್ತಿದ ಕಾಲನ್ನು ಗಾಳಿಯಲ್ಲೇ ತಡೆಯಬೇಕು. ತರಗತಿಗೆ ಬರುವ ಲಿಫ್ಟ್ ರಿಪೇರಿಯವರು ಹಾಗೆ ಒಂಟಿಕಾಲಲ್ಲಿ ನಿಲ್ಲಲು ಹೋಗಿ ದೊಪ್ಪನೆ ಬಿದ್ದಾಗ, "ಪಾಪ, ನಿಯರ್ಲಿ ನಿಂತಿದ್ರು" ಎಂದು ನೀನು ಎಲ್ಲರನ್ನೂ ನಗಿಸಿದ್ದೆ.

ನಿನ್ನೆ ನಾನು ಹಲಗೆಯ ಮೇಲೆ ಹಾರ್ಡ್, ಹಾರ್ಡ್ಲಿ ಬರೆದೆ. ಮೊದಲನೆಯದು ಮೈಮುರಿದು ಮಾಡುವುದು, ಎರಡನೆಯದು ಮಾಡಿಯೂ ಮಾಡದಂತಿರುವುದು ಎಂದು ಹೇಳಿ ಹೇಳಿ ಗಂಟಲು ಒಣಗಿತು. ಇವತ್ತು ಕೆಲಸದ ಸಂದರ್ಶನಕ್ಕೆ ಹೋಗಬೇಕಾಗಿದ್ದ ಟೈಲರಮ್ಮ ಮಾತ್ರ "ಐ ವರ್ಕ್ ಹಾರ್ಡ್ಲಿ" ಎಂದು ಹೆಮ್ಮೆಯಿಂದ ಹೇಳುತ್ತಲೇ ಇದ್ದರು. ನನಗೆ ಸಿಟ್ಟು ನೆತ್ತಿಗೇರಿತು.

ನಿನ್ನನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲಾರದೆ ಹಿಂದಿನ ಕುರ್ಚಿಯಲ್ಲಿ ಕೂರಿಸಿದ್ದೆನಲ್ಲ, ಅಲ್ಲಿಂದ ನೀನು ಎದ್ದು ಗೋಡೆ ಹಿಡಿದುಕೊಂಡು ಬಂದೆ. ಹಲ್ಲು ಕಚ್ಚಿ, ಎಡಗೈ ಊರಿ, ಕುತ್ತಿಗೆಯ ನರ ಉಬ್ಬುವಂತೆ ಮೇಜನ್ನು ತಳ್ಳಿದೆ. ಅದು ಕಿರುಗುಟ್ಟುತ್ತಾ ಗೋಡೆಗೆ ಹೋಗಿ ತಗುಲಿತು. ಆಮೇಲೆ ಅದರ ಅಂಚಿಗೆ ಕಿರುಬೆರಳು ಮುಟ್ಟಿಸಿ, ಸೂರು ನೋಡುತ್ತಾ ನಿಂತೆ. ಮೇಜು ಅಲುಗಲಿಲ್ಲ.

"ಅಂದ್ರೆ ಇಷ್ಟು ದಿನ ನಾನು ಸೋಮಾರಿ ಅಂತ ನಾನೇ ಹೇಳ್ಕೊಂಡು ಓಡಾಡ್ತಿದ್ದೆ" ಎಂದರು ಟೈಲರಮ್ಮ. ಎಲ್ಲರೂ ನಕ್ಕರು. ನೀನೂ ನಕ್ಕೆ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ನಗು ಮಾತ್ರ ನಿನ್ನದೇ. ಹಲಗೆ ಒರೆಸುವ ನೆಪದಲ್ಲಿ ನಾನು ಅತ್ತೆ.

ನಿನಗೆ ಮಾತು ಮರಳಿ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಸುಳ್ಳು ಭರವಸೆ ಕೊಡಲಾರೆ. ಆದರೆ ನಿನ್ನ ಪಾಠಕ್ಕೆ ಮಾತು ಬೇಕಾಗಿದ್ದೇ ಅಷ್ಟಕ್ಕಷ್ಟೆ. ತರಗತಿ ಮುಚ್ಚುವುದಿಲ್ಲ. ಇವತ್ತು ಸಂಜೆ ಮುಂದೆ ನಿಲ್ಲುವವಳು ನೀನು. ಬಾಯಲ್ಲಿ ಹೇಳಬೇಕಾದದ್ದೇನಾದರೂ ಇದ್ದರೆ ನನಗೆ ಸನ್ನೆ ಮಾಡು, ನಾನು ಹೇಳುತ್ತೇನೆ.

ಆ ಎಡಗೈಗೆ ದೇವರು ಇನ್ನಷ್ಟು ಶಕ್ತಿ ಕೊಡಲಿ.

ಹಿಂದಿನ ಕುರ್ಚಿಯಲ್ಲಿ ಕೂರಲಿರುವ,
ನಿನ್ನ ತಂಗಿ